ಎಡಕ್ಕೆ ಎಳೆಯುವ ಪ್ಲೆಷರು

ಮೊನ್ನೆ ಬಾಗಿಲಿಗೆ ಒಬ್ಬಳು ರಂಗೋಲಿ ಕೊಳವೆ ಮಾರಿಕೊಂಡು ಬಂದಳು. ಮೈತುಂಬ ತೂತಿರುವ ತಗಡಿನ ಕೊಳವೆ. ಒಳಗೆ ಪುಡಿ ತುಂಬಿ ನೆಲದ ಮೇಲೆ ಉರುಳಿಸುತ್ತಾ ಹೋದರೆ ಬಳ್ಳಿಯೋ ಹಂಸವೋ ತಾನಾಗಿ ಮೂಡುತ್ತದೆ, ನೀವೂ ನೋಡಿರುತ್ತೀರಿ. "ವಯಸ್ಸಾದೋರ್ಗೆ ಒಳ್ಳೇದು ಕಣ್ರವ್ವ, ಗೆರೆ ಒಸಿನೂ ಆಚೆ ಈಚೆ ಓಗಾಕಿಲ್ಲ" ಎಂದಳು. "ಆಚೆ ಈಚೆ ಹೋಗುವ ಗೆರೆ ಇದ್ದರೆ ಕೊಡು, ನೇರ ಗೆರೆ ನನಗೆ ಬೇಡ" ಎಂದೆ. ಅವಳು ನನ್ನ ಮುಖವನ್ನೂ, ಒಳಗಿನಿಂದ ಇಣುಕಿದ ಸೊಸೆಯ ಮುಖವನ್ನೂ ನೋಡಿ, ಪಾಪ ಎನ್ನುವಂತೆ ತಲೆಯಾಡಿಸಿ ಹೊರಟುಹೋದಳು. ಅವತ್ತಿನಿಂದ ಸೊಸೆ ನನ್ನ ಜೊತೆ ಸ್ವಲ್ಪ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದಾಳೆ.

ನಾನು ತಮಾಷೆಗೆ ಹೇಳಿದ್ದಲ್ಲ. ರಸ್ತೆಯ ಮೇಲೆ ನೇರವಾದ ಬಿಳಿ ಗೆರೆ ಕಂಡರೆ ಈಗಲೂ ಮುಖ ತಿರುಗಿಸಿಕೊಳ್ಳುತ್ತೇನೆ. ಈಗಿನ ದೊಡ್ಡ ರಸ್ತೆಗಳ ನಡುವೆಲ್ಲ ಅದೇ ಇರುವುದರಿಂದ ಕಾರಿನಲ್ಲಿ ಕೂತ ಕೂಡಲೇ ಕಣ್ಣು ಮುಚ್ಚಿಬಿಡುತ್ತೇನೆ. ಮುದುಕಿಗೆ ನಿದ್ದೆ ಬಂತು ಎಂದು ಮನೆಯವರು ಹಾಡು ನಿಲ್ಲಿಸುತ್ತಾರೆ. ಅದೊಂದು ಲಾಭ.

ಅರಕಲಗೂಡಿನಲ್ಲಿ ಹುಡುಗಿಯಾಗಿದ್ದಾಗ ನನಗೆ ನೇರ ಗೆರೆಯ ಮೇಲೆ ಇಂಥ ದ್ವೇಷವೇನೂ ಇರಲಿಲ್ಲ. ಎಳೆಯಲು ಬರುತ್ತಿರಲಿಲ್ಲ, ಅಷ್ಟೆ. ನಮ್ಮಜ್ಜಿ ಅಂಗಳ ಸಾರಿಸಿ, ಕುಕ್ಕರಗಾಲಿನಲ್ಲಿ ಹಿಂದೆ ಹಿಂದೆ ಸರಿಯುತ್ತಾ, ಬೆರಳ ಸಂದಿಯಿಂದ ಪುಡಿ ಬಿಡುತ್ತಾ ಹೋದರೆ ಬಾಗಿಲಿನಿಂದ ಬೀದಿಯವರೆಗೂ ಒಂದೇ ಎಳೆ. ನನ್ನದು ಎಮ್ಮೆ ಕೆರೆಗೆ ಹೋದ ದಾರಿ. "ಕೈ ನೋಡ್ಕೋಬೇಡ್ವೇ. ಗೆರೆ ಎಲ್ಲಿ ಮುಟ್ಟಬೇಕೋ ಆ ಜಾಗ ಕಣ್ಣಲ್ಲಿಟ್ಕೋ, ಕೈ ತಾನಾಗಿ ಹೋಗತ್ತೆ" ಎನ್ನುತ್ತಿದ್ದಳು. ಹಾಗೆ ಮಾಡಿ ಮಾಡಿ ಒಂದು ಚಳಿಗಾಲ ನನ್ನ ಗೆರೆಯೂ ನೆಟ್ಟಗಾಯಿತು. ಈ ವಿದ್ಯೆಯೊಂದನ್ನೇ ನಂಬಿಕೊಂಡು ನಾನು ಮದುವೆಯಾಗಿ ಹೊಳೆನರಸೀಪುರದ ವಕೀಲರ ಮನೆಗೆ ಬಂದೆ.

ನಮ್ಮ ಮನೆಯವರ ಹೆಸರು ಇಲ್ಲಿ ಬರುವುದಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಹೇಳದ ಕಾಲದವಳು ನಾನು. ಬರೆಯಬಹುದಲ್ಲ ಎನ್ನಬೇಡಿ, ಕೈಗೂ ನಾಚಿಕೆ ಇರುತ್ತದೆ. ಅವರು ವಕೀಲರಾದದ್ದು ಅವರ ತಂದೆ ವಕೀಲರಾಗಿದ್ದರು ಎಂಬ ಒಂದೇ ಕಾರಣಕ್ಕೆ. ಇವರಿಗೆ ಎಂಜಿನಿಯರಿಂಗ್ ಓದುವ ಆಸೆ. ಕೇಳಿದ್ದಕ್ಕೆ ಮಾವನವರು, "ಸ್ಪ್ಯಾನರ್ ಹಿಡಿಯೋ ಕೈ ನಮ್ಮ ವಂಶದಲ್ಲೇ ಇಲ್ಲ. ಬಾಯಿದೆ. ಲಾಯರಾಗು" ಎಂದಿದ್ದರಂತೆ. ದುರದೃಷ್ಟ ನೋಡಿ, ಇವರಿಗೆ ಬಾಯಿಯೂ ಇರಲಿಲ್ಲ. ಕೋರ್ಟಿನಲ್ಲಿ ಇವರು ಎದ್ದು ನಿಂತರೆ ಎದುರು ಕಕ್ಷಿಯವರು ನಿಶ್ಚಿಂತೆಯಿಂದ ಎಲೆಯಡಿಕೆ ಮಡಿಸಲು ಶುರುಮಾಡುತ್ತಿದ್ದರು. ನಾನು ಆ ಮನೆಗೆ ಬರುವ ಹೊತ್ತಿಗೆ ಮಾವನವರು ತೀರಿಕೊಂಡಿದ್ದರು, ಅವರ ಮಾತು ಮಾತ್ರ ಬದುಕಿತ್ತು. ಮನೆಯಲ್ಲಿ ಗಡಿಯಾರ ಬಿಚ್ಚಿದರೆ, ನಲ್ಲಿ ಬಿಗಿದರೆ, ಅದು ಸರಿಹೋಗದಿದ್ದರೆ ಇವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಈ ಕೈಗಳಿಂದ ಒಂದಾದರೂ ಕೆಲಸ ಸರಿಯಾಗಿ ಆಯಿತು ಅನ್ನಿಸಿಕೊಳ್ಳಬೇಕು ಎನ್ನುವುದು ಅವರ ಎದೆಯೊಳಗೆ ಕೂತಿದ್ದ ಆಸೆ. ಬೇರೆ ಯಾವ ದೊಡ್ಡ ಆಸೆಯೂ ಆ ಮನುಷ್ಯನಿಗೆ ಇರಲಿಲ್ಲ ಎಂದು ನಾನು ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ.

ಆ ಆಸೆಗೆ ಚಕ್ರ ಹಚ್ಚಿದ್ದು ಒಂದು ಪುಟ್ಟ ಹಳೆಯ ಇಂಗ್ಲಿಷ್ ಕಾರು. ತೋಟ ಮಾರಿ ತನ್ನ ದೇಶಕ್ಕೆ ಹೊರಟ ಕಾಫಿ ದೊರೆಯೊಬ್ಬನಿಂದ ಬಂದದ್ದು. ಸ್ವಂತದ ಕಾರಿಗೆಲ್ಲ ಆಗ ನಮ್ಮ ಕಡೆ ಪ್ಲೆಷರು ಎನ್ನುತ್ತಿದ್ದರು. "ವಕೀಲ್ರ ಪ್ಲೆಷರು" ಎಂದರೆ ಸಂತೆಪೇಟೆಯವರೆಗೂ ಗೊತ್ತು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಬೆಂಗಳೂರಿನ ಸ್ನೇಹಿತರೊಬ್ಬರು ಇವರನ್ನು ಕರೆದುಕೊಂಡು ಹೋಗಿ ಕಾರಿನ ಪಂದ್ಯ ತೋರಿಸಿದರು. ಯುದ್ಧದ ಕಾಲದಲ್ಲಿ ವಿಮಾನ ಇಳಿಯಲು ಮಾಡಿದ್ದ ಬಯಲಿನಲ್ಲಿ ಪೀಪಾಯಿಗಳನ್ನು ನಿಲ್ಲಿಸಿ, ಅವುಗಳ ಸುತ್ತ ಓಡಿಸುವುದಂತೆ. ಮುಂದಿನ ಸಲ ಇವರೂ ನಮ್ಮ ಪ್ಲೆಷರನ್ನು ಓಡಿಸಿ, ಎಲ್ಲರಿಗಿಂತ ಕೊನೆಗೆ ಬಂದರು. ಮನೆಗೆ ಬಂದಾಗ ಮುಖದ ತುಂಬ ಮಸಿ, ಮಸಿಯ ಹಿಂದೆ ಬೆಳಕು. ಮದುವೆಯ ದಿನವೂ ಆ ಮುಖದಲ್ಲಿ ಅಷ್ಟು ಬೆಳಕು ಇರಲಿಲ್ಲ. ನನಗೇನೂ ಬೇಜಾರಾಗಲಿಲ್ಲ. ಸ್ವಲ್ಪ ಆಯಿತು.

"ತಿರುವಿನಲ್ಲಿ ಕಾರು ಪಲ್ಲಕ್ಕಿ ತೂಗಿದ ಹಾಗೆ ತೂಗತ್ತೆ. ಸ್ಪ್ರಿಂಗು ಮೆತ್ತಗಿದೆ. ಅದನ್ನ ಬದಲಾಯಿಸಿದ್ರೆ ಕೊನೆಯವನಾಗೋದು ತಪ್ಪತ್ತೆ" ಎಂದರು. ಗೆಲ್ಲುವ ಮಾತೇ ಇಲ್ಲ. ಕೊನೆಯವನಾಗಬಾರದು, ಅಷ್ಟೆ. ಹಾಸನದಲ್ಲಿ ಲಾರಿ ರಿಪೇರಿ ಮಾಡುವ ಚಿಕ್ಕಣ್ಣನಿಂದ ಗಟ್ಟಿಯಾದ, ಕಡಿಮೆ ಬಾಗಿದ ಸ್ಪ್ರಿಂಗ್ ಪಟ್ಟಿಗಳನ್ನು ಮಾಡಿಸಿದರು. ಮದರಾಸಿನಿಂದ ಶಾಕ್ ಅಬ್ಸಾರ್ಬರ್ ತರಿಸಿದರು. ಎಲ್ಲವನ್ನೂ ನಮ್ಮ ಹಿತ್ತಲಿನಲ್ಲಿ ತಾವೇ ಕೂರಿಸಿದರು. ಚಿಕ್ಕಣ್ಣ ಕೂರಿಸಿಕೊಡುತ್ತೇನೆ ಎಂದರೂ ಬಿಡಲಿಲ್ಲ. ಕಾರು ಕುಳ್ಳಾಯಿತು. ಅದರಲ್ಲಿ ಅಂಗಡಿ ಬೀದಿಯವರೆಗೆ ಹೋಗಿಬಂದರೆ ಬೆನ್ನುಮೂಳೆಯ ಒಂದೊಂದು ಮಣಿಯೂ ತನ್ನ ಹೆಸರು ಹೇಳುತ್ತಿತ್ತು. ಅದೂ ಇರಲಿ ಎಂದರೆ, ಅವತ್ತಿನಿಂದ ಕಾರು ಎಡಕ್ಕೆ ಎಳೆಯಲು ಶುರುಮಾಡಿತು.

ಚಿಕ್ಕಣ್ಣನನ್ನು ಕೇಳಿದರೆ, "ಒಸಾ ಎತ್ತು ಇದ್ದಂಗೆ ಸಾ ಅದು. ನೊಗಕ್ಕೆ ಒಗ್ಗೋಗಂಟ ಒಂದ್ ಕಡೀಕೆ ಎಳೀತದೆ. ನೀವು ಓಡ್ಸಿ, ಓಡ್ತಾ ಓಡ್ತಾ ಸರಿ ಓಯ್ತದೆ" ಎಂದ. ಇವರು ಒಪ್ಪಲಿಲ್ಲ. ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದ ಅಲೈನ್‌ಮೆಂಟ್ ಎಂಬ ಮಾತು ಆಗ ನಮ್ಮ ಮನೆಯೊಳಗೆ ಬಂತು. ಬಂದ ನೆಂಟರಂತೆ ಹೋಗಲೇ ಇಲ್ಲ. ಅಡುಗೆ ಮನೆಯ ಬಾಗಿಲಲ್ಲಿ ನಿಂತು ನನಗೆ ವಿವರಿಸುತ್ತಿದ್ದರು: ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಸಮನಾಗಿ ನಿಲ್ಲಬೇಕು, ಮುಂಭಾಗದಲ್ಲಿ ಮಾತ್ರ ಒಂದು ರಾಗಿಕಾಳಿನಷ್ಟು ಒಳಗೆ ತಿರುಗಿರಬೇಕು. ಕಾರು ಕುಳ್ಳಾದಾಗ ಚಕ್ರಗಳನ್ನು ಹಿಡಿದ ಸರಳುಗಳ ಓರೆ ಬದಲಾಗುತ್ತದೆ, ಆ ರಾಗಿಕಾಳಿನ ಲೆಕ್ಕ ತಪ್ಪುತ್ತದೆ. ನಾನು ಹೂಂಗುಟ್ಟುತ್ತಾ ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದೆ. ಅವರು ಉಪ್ಪಿಲ್ಲದ ಸಾರನ್ನು ಉಣ್ಣುತ್ತಾ ವಿವರಣೆ ಮುಂದುವರಿಸುತ್ತಿದ್ದರು.

ಅಳೆಯಲು ಸಣ್ಣದಾಗಿದ್ದೂ ಬಿಗಿಯಾಗಿ ಎಳೆದರೆ ಹರಿಯದ ದಾರ ಬೇಕಿತ್ತು. ಅಂಥ ದಾರ ಮನೆಯಲ್ಲಿ ಒಂದೇ ಇತ್ತು: ಅತ್ತೆಯವರು ಜನಿವಾರಕ್ಕೆಂದು ಮಡಿಯಲ್ಲಿ ತಕಲಿಯಿಂದ ತೆಗೆದಿಟ್ಟಿದ್ದ ನೂಲು. ಅದನ್ನು ಕದ್ದು ತಂದು ಮಣೆಗಳಿಗೆ ಕಟ್ಟಿ, ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಎರಡೂ ಪಕ್ಕ ಎಳೆದರು. ಅತ್ತೆಯವರು ಹಿತ್ತಲ ಬಾಗಿಲಲ್ಲಿ ನಿಂತು ಎದೆ ಹಿಡಿದುಕೊಂಡರು. "ಬ್ರಹ್ಮಗಂಟು ಹಾಕೋ ನೂಲು ಕಣೋ ಅದು! ರಬ್ಬರ್ ಚಕ್ರಕ್ಕೆ ಸುತ್ತಿದೀಯಲ್ಲೋ, ನಿನಗೆ ಒಳ್ಳೇದಾಗತ್ತೇನೋ?" ಎಂದು ಕೇಳಿದರು. ಬೈಗುಳ ಅಷ್ಟೆ, ಶಾಪವಲ್ಲ. ಆದರೂ ಆಮೇಲೆ ಅವರು ಆ ಮಾತನ್ನು ನೆನೆಸಿಕೊಂಡು ಅತ್ತದ್ದನ್ನು ನಾನು ನೋಡಿದ್ದೇನೆ.

ಓಡಿಸುವವರ ಭಾರ ಇಟ್ಟುಕೊಂಡೇ ಅಳತೆ ಮಾಡಬೇಕಂತೆ. ಓಡಿಸುವವರು ತಾವೇ ಕಾರಿನ ಕೆಳಗೆ ಮಲಗಿರುವಾಗ ಭಾರಕ್ಕೆ ಯಾರು? ಮೊದಲು ರಾಗಿ ಮೂಟೆ ಇಟ್ಟರು. ಅದು ಜಾರಿ ಹಾರನ್ನಿನ ಮೇಲೆ ಬಿದ್ದು ಕೇರಿಯೆಲ್ಲ ಕಿವಿ ಮುಚ್ಚಿಕೊಂಡಿತು. ಆಮೇಲೆ ಆ ಸ್ಥಾನ ನನಗೆ ಸಿಕ್ಕಿತು. ಆ ಚಳಿಗಾಲವೆಲ್ಲ ನಾನು ಕಾರಿನಲ್ಲಿ ಕೂತು ಅವರೆಕಾಯಿ ಸುಲಿದೆ. "ಅಲ್ಲಾಡಬೇಡ ಕಣೇ" ಎಂದು ಕೆಳಗಿನಿಂದ ದನಿ ಬರುತ್ತಿತ್ತು. "ಅಲ್ಲಾಡದೆ ಅವರೆಕಾಯಿ ಸುಲಿಯೋಕಾಗತ್ತೇನ್ರೀ?" ಎಂದರೆ, "ಎಡಗಡೆ ಸಿಪ್ಪೆ, ಬಲಗಡೆ ಕಾಳು, ಎರಡೂ ತೂಕ ಸಮ ಇರಲಿ" ಎನ್ನುವರು. ಅತ್ತೆಯವರು, "ಗಂಡ ಕಾರಿನ ಕೆಳಗೆ, ಹೆಂಡತಿ ಕಾರಿನ ಒಳಗೆ, ಇದ್ಯಾವ ಸೀಮೆ ಸಂಸಾರವೋ" ಎಂದು ಗೊಣಗುತ್ತಾ ಸುಲಿದ ಕಾಳನ್ನು ಒಳಗೆ ಒಯ್ಯುತ್ತಿದ್ದರು. ಸುಮ್ಮನೆ ಕೂತಿರುವ ಭಾರಕ್ಕೆ ಒಂದಿಷ್ಟು ವಿದ್ಯೆಯೂ ಬರಲಿ ಎಂದು ಒಣಗಿದ ಕೆರೆಯಂಗಳದಲ್ಲಿ ನನಗೆ ಕಾರು ಓಡಿಸಲು ಕಲಿಸಿದರು. ಊರಿನವರು ನೋಡಲು ಬಂದರು. ಕೆಲವರು ಬುತ್ತಿ ಕಟ್ಟಿಕೊಂಡು ಬಂದಿದ್ದರು ಎಂದು ನನಗೆ ಅನುಮಾನ.

ನೂಲು ಎಲ್ಲ ಸರಿಯಿದೆ ಎನ್ನುತ್ತಿತ್ತು, ರಸ್ತೆ ಇಲ್ಲ ಎನ್ನುತ್ತಿತ್ತು. ಇವರು ಸರಳು ಸಡಿಲಿಸುವರು, ಬಿಗಿಯುವರು. ಎಡದ ಟೈರು ಬಲಕ್ಕೆ, ಬಲದ್ದು ಎಡಕ್ಕೆ. ಸ್ಪ್ರಿಂಗ್ ಪಟ್ಟಿಯನ್ನು ಪೂರ್ತಿ ಬಿಚ್ಚಿ ಮತ್ತೆ ಕೂರಿಸಿದ್ದೂ ಆಯಿತು. ನೂಲಿನ ಲೆಕ್ಕ ಬಿಟ್ಟು ಬೇಕೆಂದೇ ಚಕ್ರವನ್ನು ಬಲಕ್ಕೆ ತಿರುಗಿಸಿ ನೋಡಿದರೆ ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತಿತ್ತು, ಕಾರು ಮಾತ್ರ ಕೊನೆಗೆ ಎಡಕ್ಕೇ ಹೋಗಿ ಮುಟ್ಟುತ್ತಿತ್ತು. ಮತ್ತೆ ನೂಲು, ಮತ್ತೆ ರಾಗಿಕಾಳು. ಚಿಕ್ಕಣ್ಣ ಕೊನೆಗೆ ಕೈಮುಗಿದು, "ಸಾ, ಗಾಡೀಲಿ ಎಲ್ಲಾ ನೆಟ್ಟಗೈತೆ. ಅದ್ಕೆ ಗ್ರಾಚಾರ ಸರಿ ಇಲ್ಲ, ಶಾಂತಿ ಮಾಡ್ಸಿ" ಎಂದುಬಿಟ್ಟ. ಪಂದ್ಯದ ದಿನ ಹತ್ತಿರ ಬರುತ್ತಿತ್ತು. ಇವರು ಜಗುಲಿಯ ಮೇಲೆ ಕೂತು ಕಾರಿನ ಮುಂದಿನ ಚಕ್ರಗಳನ್ನೇ ನೋಡುತ್ತಿದ್ದರು. ಒಂದು ಸಂಜೆ ಅಂಗೈ ತಿರುಗಿಸಿ ನೋಡಿಕೊಂಡು, "ಅಪ್ಪ ಹೇಳಿದ್ದೇ ಸರಿ ಕಣೇ" ಎಂದರು. ನನಗೆ ಹೋಗಿ ಸತ್ತ ಮಾವನವರ ಪಟವನ್ನು ಗೋಡೆಯಿಂದ ಕಿತ್ತು ಹಾಕಬೇಕು ಅನ್ನಿಸಿತು. ಹೂವು ಬದಲಾಯಿಸಿ ಬಂದೆ.

ಆಗ ಹೊಳೆದದ್ದು ರಂಗೋಲಿ. ಕಾರು ಎಲ್ಲಿಂದ ತಿರುಗುತ್ತದೆ, ಎಷ್ಟು ತಿರುಗುತ್ತದೆ ಎಂದು ಕಣ್ಣಿಗೆ ಕಂಡರೆ ತಾನೇ ತಿದ್ದುವುದು? ಹಾಲಿನ ಪುಡಿಯ ಖಾಲಿ ಡಬ್ಬದ ತಳಕ್ಕೆ ತೂತು ಮಾಡಿ, ರಂಗೋಲಿ ಪುಡಿ ತುಂಬಿ, ಕಾರಿನ ಹಿಂಬದಿಯ ನಡುಮಧ್ಯಕ್ಕೆ ಕಟ್ಟಿದೆ. ಚನ್ನರಾಯಪಟ್ಟಣದ ರಸ್ತೆಯಲ್ಲಿ ಒಂದು ಕಡೆ ಕಣ್ಣು ಹರಿಯುವವರೆಗೂ ನೆಟ್ಟಗಿನ ದಾರಿ. ಬೆಳಿಗ್ಗೆ ಬಸ್ಸು ಬರುವ ಮೊದಲೇ ಅಲ್ಲಿಗೆ ಹೋದೆವು. ಇವರು ಓಡಿಸಿದರು, ಕರಿಯ ಟಾರಿನ ಮೇಲೆ ಬಿಳಿಯ ಎಳೆ ಬಿಚ್ಚುತ್ತಾ ಹೋಯಿತು. ಸ್ವಲ್ಪ ದೂರ ನೆಟ್ಟಗಿದ್ದು, ಮೆಲ್ಲಗೆ ಎಡಕ್ಕೆ ಒಲೆದು, ಹುಣಿಸೆ ಮರದ ಬೇರಿನ ಹತ್ತಿರ ಮಣ್ಣಿಗೆ ಇಳಿಯಿತು.

ಪಕ್ಕದ ಹೊಲದಿಂದ ಜವರೇಗೌಡ ಎಂಬ ರೈತ ಓಡಿ ಬಂದ. ಗೆರೆ ನೋಡಿ ಮೊದಲು ಚಪ್ಪಲಿ ಬಿಟ್ಟ. "ಯಾವ ದ್ಯಾವ್ರು ಬತ್ತದೆ ತಾಯಿ ಈ ದಾರೀಲಿ?" ಎಂದು ಕೇಳಿದ. ಯಾವ ದೇವರೂ ಇಲ್ಲಪ್ಪ ಎಂದೆ. ಅವನು ಗೆರೆಯ ಕೊನೆಯವರೆಗೆ ನಡೆದು ಹೋಗಿ ನೋಡಿದವನು ಚಪ್ಪಲಿ ಮತ್ತೆ ಮೆಟ್ಟಿದ. "ಅಲ್ಲ ಸಾ, ನೀವು ಕೋರ್ಟಿನೋರು. ಗೆರೆ ನಮ್ ವಲದ್ ಕಡೀಕೇ ಯಾಕ್ ಬಂತು? ರಸ್ತೆ ಅಗಲ ಮಾಡ್ತರಾ?"

"ಇಲ್ಲ ಗೌಡ್ರೇ, ಕಾರು ತಾನಾಗಿ ತಿರುಗ್ತು" ಎಂದರು ಇವರು.

"ತಾನಾಗಿ ತಿರುಗಾಕೆ ಅದೇನ್ ಎಮ್ಮೆಯಾ ಸಾ?" ಎಂದು ಗೆರೆಯನ್ನು ಕಾಲಿನಿಂದ ಒರೆಸಿ ಹಾಕಿದ.

ಅಲ್ಲಿಂದ ಮುಂದೆ ನಾವು ಹೋದ ಬೆಳಿಗ್ಗೆಯೆಲ್ಲ ಜವರೇಗೌಡ ಹುಣಿಸೆ ಮರದ ಕೆಳಗೆ ಕಾಯುತ್ತಿದ್ದ. ಇವರ ಗೆರೆ ಅವನ ಹೊಲದ ಕಡೆ ಬರುವುದು, ಅವನು ಒರೆಸುವುದು. ಇವರು ಕಾರು ನಿಲ್ಲಿಸಿದ ಕಡೆಯೇ ಕೆಳಗೆ ನುಗ್ಗಿ ಸರಳು ತಿರುಗಿಸುವುದು, ಮನೆಗೆ ಬಂದು ನೂಲು ಎಳೆದು ಮತ್ತೆ ಮೊದಲಿನಂತೆ ಮಾಡುವುದು. ಪಂದ್ಯಕ್ಕೆ ಒಂದು ವಾರವೂ ಉಳಿಯದಾಗ, ಒಂದು ಬೆಳಿಗ್ಗೆ ಇವರು ರಸ್ತೆಯ ಮೇಲೆ ಕೂತುಬಿಟ್ಟರು. "ನೀನು ಓಡಿಸು. ನಾನು ಹಿಂದಿನಿಂದ ಚಕ್ರ ನೋಡ್ತೀನಿ. ನೋಡಿ, ಆಮೇಲೆ ಇದಕ್ಕೆ ಬೆಂಕಿ ಹಚ್ತೀನಿ" ಎಂದರು.

ನಾನು ಓಡಿಸಿದೆ. ದೂರದಲ್ಲಿ ಒಂದು ಮೋರಿಯ ಬಿಳಿ ಗೋಡೆ ಕಾಣುತ್ತಿತ್ತು, ಅದನ್ನೇ ನೋಡುತ್ತಾ ಹೋದೆ. ನಿಲ್ಲಿಸಿ ಇಳಿದು ತಿರುಗಿ ನೋಡಿದರೆ, ಅಜ್ಜಿಯ ಎಳೆ! ಟಾರಿನ ನಟ್ಟ ನಡುವೆ, ಒಂದು ಕೂದಲೂ ಅತ್ತಿತ್ತ ಇಲ್ಲ. ಇವರು ಪಂಚೆ ಎತ್ತಿಕಟ್ಟಿ ಗೆರೆಯ ಗುಂಟ ಓಡಿಬಂದರು. "ಸರಿಹೋಯ್ತು ಕಣೇ, ಸರಿಹೋಯ್ತು!" ಎಂದು ಕೂಗಿದರು. ಜವರೇಗೌಡ ಅಲ್ಲಿರದಿದ್ದರೆ ನಡುರಸ್ತೆಯಲ್ಲಿ ನನ್ನನ್ನು ಎತ್ತಿಕೊಂಡುಬಿಡುತ್ತಿದ್ದರೇನೋ. ಕಾರು ತಿರುಗಿಸಿ ಮೊದಲಿನ ಜಾಗಕ್ಕೆ ಒಯ್ದು, ತಾವು ಕೂತು, ಅದೇ ದಾರಿಯಲ್ಲಿ ಓಡಿಸಿಕೊಂಡು ಬಂದರು. ನನ್ನ ಗೆರೆಯ ಪಕ್ಕದಲ್ಲೇ ಶುರುವಾದ ಅವರ ಗೆರೆ ಸ್ವಲ್ಪ ದೂರ ಜೊತೆಗಿದ್ದು ಬೇರೆಯಾಯಿತು, ಹುಣಿಸೆ ಮರದ ಕಡೆ ಹೋಯಿತು.

ಮತ್ತೆ ನಾನು ಓಡಿಸಿದೆ. ನೆಟ್ಟಗೆ. ಮತ್ತೆ ಅವರು. ಎಡಕ್ಕೆ. ಜವರೇಗೌಡ ಒರೆಸುವುದನ್ನು ಬಿಟ್ಟು ಸೊಂಟದ ಮೇಲೆ ಕೈಯಿಟ್ಟುಕೊಂಡು, "ಅಮ್ಮಾವ್ರು ಓಡ್ಸುದ್ರೆ ನೆಟ್ಟಗೋಯ್ತದೆ, ಸಾಮೇರು ಓಡ್ಸುದ್ರೆ ನಮ್ ವಲಕ್ಕೆ ಬತ್ತದೆ. ಇದ್ರಾಗೇನೋ ಐತೆ" ಎಂದ. ಇವರು ಕಾರಿನಿಂದ ಇಳಿದರು. ನಾನು ಹತ್ತಿರ ಹೋಗಿ ಪಕ್ಕದಲ್ಲಿ ನಿಂತೆ, ನನ್ನ ಸೆರಗು ಗಾಳಿಗೆ ಅವರ ಎಡತೋಳಿಗೆ ತಾಗುವಷ್ಟು ಹತ್ತಿರ. ಅವರು ಮುಂದೆ ನೋಡಿದರು, ಬಲಕ್ಕೆ ನೋಡಿದರು, "ಎಲ್ಲಿ ಹೋದ್ಯೇ?" ಎಂದು ಗಟ್ಟಿಯಾಗಿ ಕರೆದರು.

ಆ ಒಂದು ಕ್ಷಣದಲ್ಲಿ ನನಗೆ ಎಲ್ಲವೂ ಒಟ್ಟಿಗೆ ಬಂದು ಬಡಿಯಿತು. ಹಬ್ಬದ ಊಟದಲ್ಲಿ ಎಲೆಯ ಎಡಗಡೆ ಬಡಿಸಿದ ಕೋಸಂಬರಿ, ಉಪ್ಪಿನಕಾಯಿ ಮುಟ್ಟದೆ ಏಳುತ್ತಿದ್ದದ್ದು. ನನ್ನ ಕೈ ಕೆಟ್ಟಿದೆ ಎಂದುಕೊಂಡು ನಾನು ಕೊತ್ತಂಬರಿ ಜಾಸ್ತಿ ಹಾಕುತ್ತಿದ್ದದ್ದು. ಗೇಟಿನ ಕಲ್ಲಿಗೆ ಉಜ್ಜಿ ಉಜ್ಜಿ ಕಾರಿನ ಎಡ ಮಡ್‌ಗಾರ್ಡಿನ ಬಣ್ಣ ಹೋಗಿದ್ದದ್ದು. ಎಡಗಡೆಯಿಂದ ಕಾಫಿ ತಂದಿಟ್ಟಾಗಲೆಲ್ಲ, ದೆವ್ವದ ಹಾಗೆ ಬರ್ತೀಯಲ್ಲೇ ಎಂದು ಬೆಚ್ಚುತ್ತಿದ್ದದ್ದು. ರಸ್ತೆಯ ಎಡದ ಅಂಚು ಕಾಣದೆ, ತಿಳಿಯದೆಯೇ ಅವರ ಕೈ ಆ ಕಡೆ ತಿರುಗುತ್ತಿದ್ದದ್ದು. ಒಂದಿಡೀ ಚಳಿಗಾಲ ನಾವು ಚಕ್ರ ಅಳೆದಿದ್ದೆವು. ಚಕ್ರವನ್ನು ನೋಡುತ್ತಿದ್ದ ಕಣ್ಣನ್ನು ಅಳೆಯಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

"ಇಲ್ಲೇ ಇದೀನ್ರೀ, ನಿಮ್ಮ ಎಡಗಡೆ. ನಿಮಗೆ ಈ ಕಡೆ ಕಾಣಿಸ್ತಿಲ್ಲ" ಎಂದೆ. ಮುಚ್ಚಿಡಲು ನನಗೆ ಬರಲಿಲ್ಲ, ಮುಚ್ಚಿಟ್ಟು ಮಾಡುವುದಾದರೂ ಏನಿತ್ತು?

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ನಿಧಾನವಾಗಿ ಹೇಳುವ ಶಕ್ತಿಯಿಲ್ಲ. ಮೈಸೂರಿನ ಕಣ್ಣಿನ ಡಾಕ್ಟರು, ಎರಡೂ ಕಣ್ಣಿನ ನರ ಒಣಗುತ್ತಿದೆ, ಎಡಬದಿಯ ನೋಟ ಮೊದಲು ಹೋಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದೂ ನಿಲ್ಲುವುದಿಲ್ಲ ಎಂದರು. ಹಾಗೆಯೇ ಆಯಿತು. ಪಂದ್ಯ ನಮ್ಮನ್ನು ಬಿಟ್ಟು ನಡೆಯಿತು. ಕಾರು ಹಿತ್ತಲಿನಲ್ಲಿ ಕಲ್ಲುಗಳ ಮೇಲೆ ನಿಂತಿತು, ಅತ್ತೆಯವರು ಅದರ ನೆತ್ತಿಯ ಮೇಲೆ ಹಪ್ಪಳ ಒಣಗಿಸಿದರು. ಕೆಲವು ವರ್ಷಗಳಲ್ಲಿ ಇವರು ನನ್ನ ಹೆಗಲ ಮೇಲೆ ಕೈಯಿಟ್ಟುಕೊಂಡು ಕೋರ್ಟಿಗೆ ಹೋಗುವಂತಾಯಿತು, ಆಮೇಲೆ ಹೋಗುವುದನ್ನೇ ಬಿಟ್ಟರು. ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೇನೋ ತೆರೆಯುತ್ತಾನೆ ಎಂದು ಹೇಳಲು ಬಂದವರಿಗೆಲ್ಲ ನಾನು ಕಾಫಿ ಕೊಟ್ಟು ಕಳಿಸಿದೆ. ಯಾವ ಬಾಗಿಲೂ ತೆರೆಯಲಿಲ್ಲ. ಆ ಮನುಷ್ಯ ಯಾರಿಗೂ ಕೆಡುಕು ಮಾಡಿರಲಿಲ್ಲ. ಕೊನೆಯವನಾಗಬಾರದು ಎಂದಷ್ಟೇ ಕೇಳಿದ್ದ. ಅದನ್ನೂ ಕೊಡದ ಮೇಲೆ ನನಗೆ ಯಾವ ಸಮಾಧಾನವೂ ಬೇಡ. ಇಷ್ಟು ವರ್ಷವಾದರೂ ಬೇಡ.

ಆದರೆ ಆ ಬೆಳಿಗ್ಗೆ, ನಾನು ಹಾಗೆ ಹೇಳಿದ ಮೇಲೆ, ರಸ್ತೆಯಲ್ಲಿ ನಡೆದದ್ದು ಇನ್ನೂ ಸ್ವಲ್ಪ ಇದೆ. ಅವರು ಇಡೀ ತಲೆಯನ್ನು ಎಡಕ್ಕೆ ತಿರುಗಿಸಿ ನನ್ನನ್ನು ಹುಡುಕಿಕೊಂಡರು. ಆಮೇಲೆ ಕುಕ್ಕರಗಾಲಿನಲ್ಲಿ ಕೂತು, ನೆಟ್ಟಗಿದ್ದ ಗೆರೆಯನ್ನು ಬೆರಳಿನಿಂದ ಮುಟ್ಟಿದರು.

"ಇದು ನೀನು ಓಡಿಸಿದ್ದು ತಾನೇ?"

"ಹೂಂ."

"ಸ್ಟಿಯರಿಂಗನ್ನ ಬಲಕ್ಕೆ ಹಿಡಿದು ಎಳೀಲಿಲ್ವಾ?"

"ಇಲ್ಲ. ಸುಮ್ಮನೆ ಕೈ ಇಟ್ಕೊಂಡಿದ್ದೆ."

"ಎಡಕ್ಕೆ ಹೋಗ್ಲಿಲ್ವಾ? ಒಂಚೂರೂ?"

"ಒಂಚೂರೂ ಇಲ್ಲ."

ಎದ್ದು ನಿಂತು ಪಂಚೆಗೆ ಕೈ ಒರೆಸಿಕೊಂಡರು. ಮುಖದಲ್ಲಿ ಒಂದು ನಗು ಬಂತು. ಅಂಥ ನಗು ಆ ಹೊತ್ತಿನಲ್ಲಿ ಬರಬಾರದಾಗಿತ್ತು.

"ಹಾಗಾದ್ರೆ ನಾನು ಕೂರಿಸಿದ್ದು ಸರಿಯಾಗೇ ಇದೆ ಅನ್ನು" ಎಂದರು.